ದಕ್ಷಿಣ ಇಂಡಿಯಾ ಸಭೆಯ ಐಕ್ಯ

1947ನೆಯ ಇಸವಿ ಸೆಪ್ಟೆಂಬರ್ 27ನೆಯ ತಾರೀಖು, ಶನಿವಾರ. ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರಗಳಾಗಿದ್ದುವು. ಉತ್ತರದಲ್ಲಿ ಪಂಜಾಬು ಎರಡಾಗಿ ಸೀಳಿ, ಜನ ಗಂಟುಮೂಟೆ ಹೊತ್ತು ಗಡಿಯನ್ನು ದಾಟುತ್ತಿದ್ದ ಕಾಲವದು. ಅದೇ ದಿನ ಮದರಾಸಿನ ಸೇಂಟ್ ಜಾರ್ಜ್ ಪ್ರಧಾನ ದೇವಾಲಯದಲ್ಲಿ ಸಾವಿರಾರು ಜನ ನೆರೆದಿದ್ದರು. ತಿರುವಾಂಕೂರು-ಕೊಚ್ಚಿಯ ಬಿಷಪ್ ಸಿ. ಕೆ. ಜೇಕಬ್ ಅವರು ಎದ್ದು ನಿಂತು ಒಂದು ಘೋಷಣೆಯನ್ನು ಓದಿದರು. ಅದರ ತಾತ್ಪರ್ಯವಿಷ್ಟೆ: ಅದುವರೆಗೆ ಬೇರೆಬೇರೆಯಾಗಿದ್ದ ಮೂರು ಕ್ರೈಸ್ತ ಸಭೆಗಳು ಆ ಗಳಿಗೆಯಿಂದ ಒಂದೇ ಸಭೆ, ಅದರ ಹೆಸರು ದಕ್ಷಿಣ ಇಂಡಿಯಾ ಸಭೆ. ಮೂರರಲ್ಲಿ ಒಂದು ಇಂಗ್ಲೆಂಡಿನ ರಾಜಮತಕ್ಕೆ ಸೇರಿದ ಆಂಗ್ಲಿಕನ್ ಸಭೆಯ ನಾಲ್ಕು ಧರ್ಮಪ್ರಾಂತಗಳು; ಇನ್ನೊಂದು ವೆಸ್ಲಿಯ ಅನುಯಾಯಿಗಳಾದ ಮೆಥೋಡಿಸ್ಟರ ದಕ್ಷಿಣ ಇಂಡಿಯಾ ಶಾಖೆ; ಮೂರನೆಯದು ಪ್ರೆಸ್‌ಬಿಟೇರಿಯನರೂ ಕಾಂಗ್ರಿಗೇಷನಲರೂ 1908ರಲ್ಲಿಯೇ ಕೂಡಿ ಕಟ್ಟಿಕೊಂಡಿದ್ದ ದಕ್ಷಿಣ ಇಂಡಿಯಾ ಸಂಯುಕ್ತ ಸಭೆ. ಎಲ್ಲ ಸೇರಿ ಸುಮಾರು ಹತ್ತು ಲಕ್ಷ ಜನ.

ಬಿಷಪರುಳ್ಳ ಸಭೆಯೊಂದು, ಬಿಷಪರನ್ನು ಒಲ್ಲದ ಸಭೆಗಳೊಡನೆ ಹೀಗೆ ಕೂಡಿದ್ದು ಪ್ರೊಟೆಸ್ಟೆಂಟ್ ಮತದ ನಾಲ್ಕು ಶತಮಾನಗಳ ಚರಿತ್ರೆಯಲ್ಲಿ ಅದೇ ಮೊದಲು. ಯೂರೋಪಿನಲ್ಲಿ ಆಗದ ಕೆಲಸ, ಅಮೆರಿಕಾದಲ್ಲಿ ಆಗದ ಕೆಲಸ, ನಮ್ಮ ನೆರೆಯ ಮದರಾಸಿನಲ್ಲಿ ಹೇಗಾಯಿತು? ಯಾರಿಗೂ ಯಾರ ಮೇಲೂ ಆಜ್ಞೆ ಮಾಡುವ ಅಧಿಕಾರವಿಲ್ಲದ ಕಡೆ ಇಷ್ಟು ದೊಡ್ಡ ಮಾರ್ಪಾಟನ್ನು ನಡೆಸಿದವರಾರು, ಅವರು ತೆತ್ತ ಬೆಲೆಯೇನು? ಈ ಹೊತ್ತಿನ ನಮ್ಮ ಮಾತು ಇದನ್ನು ಕುರಿತದ್ದು. ಕನ್ನಡದಲ್ಲಿ ಸಭೆ ಎಂಬ ಒಂದೇ ಮಾತು ಕ್ರೈಸ್ತರ ಮತಸಂಸ್ಥೆಗೂ, ಜನ ಕೂಡಿ ಕುಳಿತು ವಾದಮಾಡುವ ಕೂಟಕ್ಕೂ ಸಲ್ಲುವುದಷ್ಟೆ. ಈ ಕಥೆಗೆ ಆ ಎರಡರ್ಥವೂ ಬೇಕಾಗಿದೆ. ಏಕೆಂದರೆ ಆ ಒಂದು ದಿನದ ಹಿಂದೆ ಇಪ್ಪತ್ತೆಂಟು ವರ್ಷಗಳ ಕೂಟಗಳಿದ್ದುವು.

ಮೊದಲು ಒಡಕಿನ ಸಂಗತಿಯನ್ನು ನೋಡೋಣ. ಇಂಗ್ಲೆಂಡಿನಲ್ಲಿ 1662ನೆಯ ಇಸವಿಯಲ್ಲಿ, ಸರ್ಕಾರ ವಿಧಿಸಿದ ಪ್ರಾರ್ಥನಾ ಗ್ರಂಥವನ್ನು ಒಪ್ಪದ ಕಾರಣ ಸುಮಾರು ಎರಡು ಸಾವಿರ ಪಾದ್ರಿಗಳು ತಮ್ಮ ಸ್ಥಾನಗಳನ್ನು ಕಳೆದುಕೊಂಡರು. ಕಾಂಗ್ರಿಗೇಷನಲರ ನೆನಪಿನಲ್ಲಿ ಆ ಗಾಯ ಮಾಯಲೇ ಇಲ್ಲ. ಸ್ಕಾಟ್ಲೆಂಡಿನವರು ಬಿಷಪರನ್ನು ತಮ್ಮ ಮೇಲೆ ಹೇರಬಂದ ಅರಸರೊಡನೆ ಹೋರಾಡಿಯೇ ಪ್ರೆಸ್‌ಬಿಟೇರಿಯನರಾಗಿ ಉಳಿದರು. ಜಾನ್ ವೆಸ್ಲಿಯೇನೋ 1791ರಲ್ಲಿ ಸಾಯುವವರೆಗೂ ತಾನು ಆಂಗ್ಲಿಕನ್ ಪಾದ್ರಿಯೆಂದೇ ಹೇಳಿಕೊಂಡನು. ಆದರೂ ಆತನ ಶಿಷ್ಯರು ಬೇರೆಯಾದರು. ಇವೆಲ್ಲ ದೊಡ್ಡ ಜಗಳಗಳೇ. ಆದರೆ ತುಮಕೂರಿನ ಸೀಮೆಯ ಒಬ್ಬ ರೈತನಿಗೂ ಇವಕ್ಕೂ ಏನು ಸಂಬಂಧ?

ಸಂಬಂಧವೇನೂ ಇರಲಿಲ್ಲ, ಆದರೂ ಈ ಜಗಳಗಳು ಆತನಿಗೆ ದಾಯವಾಗಿ ಬಂದವು. ಮಿಷನ್ ಸಂಘಗಳು ಒಬ್ಬರ ಹೊಲದಲ್ಲಿ ಇನ್ನೊಬ್ಬರು ಬಿತ್ತಬಾರದೆಂದು ದೇಶವನ್ನು ಹಂಚಿಕೊಂಡಿದ್ದುವು. ಕನ್ನಡನಾಡಿನ ನಕ್ಷೆಯನ್ನು ಹಾಸಿಕೊಂಡರೆ ಇದು ಚೆನ್ನಾಗಿ ಕಾಣುವುದು. ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದನು. ಅಲ್ಲಿ ಕ್ರೈಸ್ತನಾದವನು ಕಾಂಗ್ರಿಗೇಷನಲನಾದನು. ಮೈಸೂರು, ತುಮಕೂರು, ಹಾಸನಗಳಲ್ಲಿ ಆದವನು ವೆಸ್ಲಿಯನನಾದನು. ಮಂಗಳೂರು, ಧಾರವಾಡ, ಹುಬ್ಬಳ್ಳಿಗಳಲ್ಲಿ ಬಾಸೆಲ್ ಮಿಷನ್ನಿನವನು. ಕೋಲಾರದಲ್ಲಿ ಅಮೆರಿಕಾದ ಮೆಥೋಡಿಸ್ಟ್. ಒಬ್ಬನ ಮತತತ್ತ್ವವನ್ನು ತಿಳಿಯಬೇಕಾದರೆ ಆತನ ನಂಬಿಕೆಯನ್ನು ವಿಚಾರಿಸಬೇಕಾಗಿರಲಿಲ್ಲ, ಆತನು ಯಾವ ಸ್ಟೇಷನ್ನಿನಲ್ಲಿ ರೈಲು ಹತ್ತಿದನೆಂದು ಕೇಳಿದರೆ ಸಾಕಾಗಿತ್ತು. ಆದರೆ ಅದೇ ಮನುಷ್ಯ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದನೆಂದಿಟ್ಟುಕೊಳ್ಳೋಣ. ಸೇಂಟ್ ಮಾರ್ಕ್ಸ್ ದೇವಾಲಯ ಆಂಗ್ಲಿಕನರದು. ಹಡ್ಸನ್ ಸ್ಮಾರಕ ದೇವಾಲಯ ವೆಸ್ಲಿಯನರದು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ ಲಂಡನ್ ಮಿಷನ್ನಿನದು. ಒಂದರಿಂದ ಇನ್ನೊಂದಕ್ಕೆ ನಡೆದು ಹೋಗಬಹುದು. ಒಂದೇ ಬೈಬಲು, ಒಂದೇ ಕನ್ನಡ. ಹಡ್ಸನ್ ದೇವಾಲಯದಲ್ಲಿ ಉಪದೇಶಮಾಡುವ ಪಾದ್ರಿಗೆ ಮಾತ್ರ ಸೇಂಟ್ ಮಾರ್ಕ್ಸಿನ ಬಲಿಪೀಠದಲ್ಲಿ ಕರ್ತನ ಭೋಜನವನ್ನು ನಡೆಸುವ ಅರ್ಹತೆಯಿಲ್ಲ; ಏಕೆಂದರೆ ಆತನ ತಲೆಯ ಮೇಲೆ ಬಿಷಪನೊಬ್ಬನು ಕೈಯಿಟ್ಟಿಲ್ಲ.

ಈ ಸ್ಥಿತಿ ಒಬ್ಬ ಮನುಷ್ಯನನ್ನು ಬಹುವಾಗಿ ಚುಚ್ಚಿತು. ವೇದನಾಯಗಂ ಸಾಮುವೇಲ್ ಅಜರಯ್ಯ ತಿರುನೆಲ್ವೇಲಿ ಜಿಲ್ಲೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ 1874ರಲ್ಲಿ ಹುಟ್ಟಿದವರು. ತಂದೆ ಆ ಹಳ್ಳಿಯ ಪಾದ್ರಿ. ಮದರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದರೂ ಬಿ. ಎ. ಪದವಿಯನ್ನು ಪಡೆಯಲಿಲ್ಲ. ಯುವಕ ಕ್ರೈಸ್ತ ಸಂಘದ ಕಾರ್ಯದರ್ಶಿಯಾಗಿ ದಕ್ಷಿಣ ದೇಶವನ್ನೆಲ್ಲ ಸುತ್ತಿದರು. ಆ ಉದ್ಯೋಗದಲ್ಲಿ ಎಲ್ಲ ಪಂಗಡದವರ ಮನೆಯ ಊಟವನ್ನೂ ಉಂಡು, ಎಲ್ಲರ ಮನಸ್ಸನ್ನೂ ಅರಿತರು. ನಮ್ಮ ಅಭಿಪ್ರಾಯದಲ್ಲಿ ಬಿಷಪ್ ಪಟ್ಟಕ್ಕಿಂತ ಈ ಓಡಾಟವೇ ಮುಂದಿನ ಕೆಲಸಕ್ಕೆ ಅವರನ್ನು ಹೆಚ್ಚಾಗಿ ಸಿದ್ಧಗೊಳಿಸಿತು. 1903ರಲ್ಲಿ ತಿರುನೆಲ್ವೇಲಿಯವರದೇ ಆದ ಒಂದು ಮಿಷನರಿ ಸಂಘವನ್ನು ಕಟ್ಟುವುದರಲ್ಲಿ ಮುಂದಾಗಿ, 1909ರಲ್ಲಿ ತಾವೇ ತೆಲುಗು ಸೀಮೆಗೆ, ನಿಜಾಮರ ರಾಜ್ಯದ ದೋರ್ಣಕಲ್ಲಿಗೆ, ಹೋದರು.

1910ರಲ್ಲಿ ಎಡಿನ್‌ಬರೊ ಪಟ್ಟಣದಲ್ಲಿ ಲೋಕದ ಮಿಷನರಿಗಳ ಮಹಾಸಮ್ಮೇಳನ ಕೂಡಿದಾಗ ಅಜರಯ್ಯನವರು ಮಾತನಾಡಿದರು. ಸಾವಿರಕ್ಕೂ ಮಿಕ್ಕ ಪ್ರತಿನಿಧಿಗಳಲ್ಲಿ ಏಷ್ಯಾದವರನ್ನು ಬೆರಳಿನಲ್ಲಿ ಎಣಿಸಬಹುದಾಗಿತ್ತು. ಅಲ್ಲಿ ಅವರು ಮಿಷನರಿಗಳ ತ್ಯಾಗವನ್ನು ಕೊಂಡಾಡಿದರು. ಕೊಂಡಾಡಿ, ನೀವು ನಮಗೆ ಎಲ್ಲವನ್ನೂ ಕೊಟ್ಟಿದ್ದೀರಿ, ಸ್ನೇಹವೊಂದನ್ನು ಮಾತ್ರ ಇನ್ನೂ ಕೊಟ್ಟಿಲ್ಲ, ಅದನ್ನು ಕೊಡಿ ಎಂಬ ಅರ್ಥ ಬರುವಂತೆ ಮುಗಿಸಿದರು. ಆ ಭಾಷಣದಿಂದ ಕೆಲವರಿಗೆ ಬಹಳ ಕೋಪ ಬಂದಿತು. ಎರಡು ವರ್ಷಗಳ ಮೇಲೆ, 1912ರ ಡಿಸೆಂಬರ್ 29ರಂದು, ಕಲ್ಕತ್ತಾದ ಸೇಂಟ್ ಪಾಲ್ ದೇವಾಲಯದಲ್ಲಿ ಅವರಿಗೆ ಬಿಷಪ್ ಪಟ್ಟವಾಯಿತು. ಆಂಗ್ಲಿಕನ್ ಸಭೆಯಲ್ಲಿ ಬಿಷಪನಾದ ಮೊದಲನೆಯ ಇಂಡಿಯನರು ಅವರು.

1919ರ ಮೇ ತಿಂಗಳ ಮೊದಲೆರಡು ದಿನ ತರಂಗಂಬಾಡಿಯಲ್ಲಿ ಮೂವತ್ತಮೂರು ಮಂದಿ ಸೇರಿದರು. ಈ ಊರನ್ನು ಆರಿಸಿಕೊಂಡದ್ದರಲ್ಲಿ ಔಚಿತ್ಯವಿದ್ದಿತು: 1706ರಲ್ಲಿ ಜೀಗೆನ್‌ಬಾಲ್ಗ್ ಮತ್ತು ಪ್ಲೂಟ್‌ಶೌ ಎಂಬ ಇಬ್ಬರು ಜರ್ಮನರು, ಇಂಡಿಯಾಕ್ಕೆ ಬಂದ ಮೊದಲನೆಯ ಪ್ರೊಟೆಸ್ಟೆಂಟ್ ಮಿಷನರಿಗಳಾಗಿ, ಬಂದಿಳಿದದ್ದು ಆ ಕಡಲ ತೀರದಲ್ಲಿಯೇ. ಸೇರಿದ್ದವರಲ್ಲಿ ಇಬ್ಬರು ಹೊರತು ಉಳಿದವರೆಲ್ಲರೂ ಇಂಡಿಯನರು. ಅಜರಯ್ಯನವರ ಜೊತೆಯಲ್ಲಿ ಸಂಯುಕ್ತ ಸಭೆಯ ವಿ. ಸಾಂಟಿಯಾಗೊ ಮುಂದಾಳಾಗಿದ್ದರು. ಯುದ್ಧ ಮುಗಿದು ಆರು ತಿಂಗಳಾಗಿದ್ದಿತು; ಅಮೃತಸರದ ಜಲಿಯನ್‌ವಾಲಾ ಬಾಗಿನ ರಕ್ತ ಚೆಲ್ಲಿ ಮೂರು ವಾರವೂ ಆಗಿರಲಿಲ್ಲ. ಅವರು ಹೊರಡಿಸಿದ ಹೇಳಿಕೆಯಲ್ಲಿ ಎರಡು ಅಂಶಗಳು ಮುಖ್ಯ. ಈ ಒಡಕುಗಳನ್ನು ನಾವು ಮಾಡಿದವರಲ್ಲ, ಅವು ಹೊರಗಿನಿಂದ ನಮ್ಮ ಮೇಲೆ ಬಂದವು, ಅವನ್ನು ಮುಂದುವರಿಸುವ ಇಷ್ಟವೂ ನಮಗಿಲ್ಲ ಎಂಬುದೊಂದು. ಬಿಷಪರ ಪದ್ಧತಿಯನ್ನು ಒಪ್ಪೋಣ, ಆದರೆ ಅದು ಕಟ್ಟಳೆಗೆ ಒಳಪಟ್ಟ, ಈ ದೇಶಕ್ಕೆ ಹೊಂದುವ ರೂಪದಲ್ಲಿರಲಿ ಎಂಬುದು ಇನ್ನೊಂದು. ಮೊದಲನೆಯದನ್ನು ಯಾರಾದರೂ ಹೇಳಬಹುದಾಗಿತ್ತು. ಎರಡನೆಯದನ್ನು ಬಿಷಪರಿಲ್ಲದ ಸಭೆಯವರು ಒಪ್ಪಿದ್ದೇ ದೊಡ್ಡದು.

ಇಲ್ಲಿ ಬಿಷಪನ ವಿಷಯವಾಗಿ ಒಂದೆರಡು ಮಾತು ಹೇಳಬೇಕು. ನಮ್ಮ ಮಠಗಳನ್ನು ಬಲ್ಲವರಿಗೆ ಇದು ಕಷ್ಟವಲ್ಲ. ಗುರುವು ಶಿಷ್ಯನಿಗೆ, ಆ ಶಿಷ್ಯನು ತನ್ನ ಶಿಷ್ಯನಿಗೆ ದೀಕ್ಷೆ ಕೊಟ್ಟು ಪರಂಪರೆ ಕಡಿಯದಂತೆ ಬರುವುದು. ಮಧ್ಯದಲ್ಲಿ ಒಂದು ಕೊಂಡಿ ಕಳಚಿದರೆ ಪೀಠದ ಪ್ರಾಮಾಣ್ಯವೇ ಹೋಯಿತು. ಆಂಗ್ಲಿಕನರಲ್ಲಿ ಬಹುಮಂದಿ ಬಿಷಪನನ್ನು ಹೀಗೆ ಕಾಣುತ್ತಿದ್ದರು. ಕ್ರಿಸ್ತನ ಅಪೊಸ್ತಲರಿಂದ ಹಸ್ತದಿಂದ ಹಸ್ತಕ್ಕೆ ಇಳಿದು ಬಂದ ಪರಂಪರೆ ಅದು. ಬಿಷಪನ ಕೈಯಿಂದ ದೀಕ್ಷೆ ಪಡೆಯದವನು ಎಷ್ಟೇ ಸಾಧುವಾಗಿರಲಿ, ಅವನ ಪಾದ್ರಿತನದಲ್ಲಿ ಕೊರತೆಯಿದೆ. ಕಾಂಗ್ರಿಗೇಷನಲರಿಗಾದರೋ ಊರಿನ ಸಭೆಯೇ ಪಂಚಾಯತಿ, ಅದು ಕರೆದು ನಿಲ್ಲಿಸಿದವನೇ ಪಾಲಕ. ಪ್ರೆಸ್‌ಬಿಟೇರಿಯನರಲ್ಲಿ ಹಿರಿಯರ ಮಂಡಲಿ. ಹಾಗಾದರೆ ಐಕ್ಯವಾಗುವ ದಿನ ಬಿಷಪರಿಲ್ಲದ ಸಭೆಗಳ ನೂರಾರು ಪಾದ್ರಿಗಳನ್ನು ಏನು ಮಾಡಬೇಕು? ಅವರ ತಲೆಯ ಮೇಲೆ ಬಿಷಪನು ಹೊಸದಾಗಿ ಕೈಯಿಡಲಿ ಎಂದರೆ, ಮೂವತ್ತು ವರ್ಷ ದುಡಿದ ಮುದುಕನಿಗೆ ನೀನು ಇಷ್ಟು ದಿನ ಪಾದ್ರಿಯೇ ಆಗಿರಲಿಲ್ಲವೆಂದು ಹೇಳಿದಂತಾಯಿತು. ಕೈಯಿಡದೆ ಹಾಗೆಯೇ ಒಪ್ಪಿಕೊಂಡರೆ, ಆಂಗ್ಲಿಕನರು ತಮ್ಮ ಪರಂಪರೆಯನ್ನು ತಾವೇ ಅಲ್ಲಗಳೆದಂತಾಯಿತು. ಪ್ರಪಂಚದ ಎಲ್ಲ ಐಕ್ಯ ಪ್ರಯತ್ನಗಳೂ ಬಂದು ಮುರಿದುಬಿದ್ದದ್ದು ಈ ಬಂಡೆಯ ಮೇಲೆ.

1920ರಲ್ಲಿ ಜಂಟಿ ಸಮಿತಿಯ ಕೆಲಸ ಮೊದಲಾಯಿತು. ಅದೇ ವರ್ಷ ಲಂಡನ್ನಿನ ಲ್ಯಾಂಬೆತ್ ಅರಮನೆಯಲ್ಲಿ ಕೂಡಿದ ಆಂಗ್ಲಿಕನ್ ಬಿಷಪರು ಎಲ್ಲ ಕ್ರೈಸ್ತರಿಗೂ ಐಕ್ಯದ ಕರೆಯನ್ನು ಕಳುಹಿಸಿದ್ದು ಸಮಿತಿಗೆ ಬಲವಾಯಿತು. 1925ರಲ್ಲಿ ಮೆಥೋಡಿಸ್ಟರು ಬಂದು ಸೇರಿದರು. ಕಾಂಚೀಪುರದ ಸ್ಕಾಟಿಷ್ ಪಾದ್ರಿ ಜೆ. ಎಚ್. ಮಕ್ಲೀನ್ ಸಂಯುಕ್ತ ಸಭೆಯ ಪರವಾಗಿ, ಬೊಂಬಾಯಿಯ ಬಿಷಪ್ ಪಾಮರ್ ಆಂಗ್ಲಿಕನರ ಪರವಾಗಿ, ಕರಡುಗಳನ್ನು ಬರೆದು ಹರಿದು ಬರೆದರು. 1929ರಲ್ಲಿ ಐಕ್ಯದ ಯೋಜನೆ ಮೊದಲ ಸಲ ಅಚ್ಚಾಯಿತು. ಮುಂದಿನ ಹನ್ನೆರಡು ವರ್ಷಗಳಲ್ಲಿ ಅದು ಏಳು ಆವೃತ್ತಿಗಳನ್ನು ಕಂಡಿತು. ನಮ್ಮಲ್ಲಿ ಕಾದಂಬರಿಗಳಿಗೂ ಇಷ್ಟು ಭಾಗ್ಯ ಅಪರೂಪ.

ಅವರು ಕಂಡುಕೊಂಡ ದಾರಿ ಹೀಗಿತ್ತು. ಐಕ್ಯದ ದಿನ ಯಾರಿಗೂ ಎರಡನೆಯ ಸಲ ದೀಕ್ಷೆಯಿಲ್ಲ. ಮೂರು ಸಭೆಗಳ ಪಾದ್ರಿಗಳೂ ಇದ್ದಂತೆಯೇ ಹೊಸ ಸಭೆಯ ಪಾದ್ರಿಗಳು. ಆದರೆ ಆ ದಿನದಿಂದ ಮುಂದೆ ಕೊಡುವ ದೀಕ್ಷೆಯೆಲ್ಲವೂ ಬಿಷಪರ ಹಸ್ತದಿಂದಲೇ. ಹಳಬರು ಒಬ್ಬೊಬ್ಬರಾಗಿ ವಿಶ್ರಾಂತರಾಗುವರು, ಹೊಸಬರು ಬರುವರು. ಮೂವತ್ತು ವರ್ಷಗಳಲ್ಲಿ ವ್ಯತ್ಯಾಸ ಬಹಳ ಮಟ್ಟಿಗೆ ತಾನಾಗಿ ಅಳಿಯುವುದು. ಅಷ್ಟರ ಮೇಲೂ ಏನಾದರೂ ಉಳಿದರೆ ಆ ಕಾಲದ ಸಭೆಯೇ ತೀರ್ಮಾನಿಸಲಿ. ಈ ಮಧ್ಯೆ ಯಾವ ಊರಿನ ಸಭೆಯವರ ಮೇಲೂ ಅವರ ಮನಸ್ಸಾಕ್ಷಿಗೆ ಒಗ್ಗದ ಪಾದ್ರಿಯನ್ನಾಗಲಿ ಪೂಜಾಕ್ರಮವನ್ನಾಗಲಿ ಹೇರುವುದಿಲ್ಲವೆಂದು ಒಂದು ವಾಗ್ದಾನ. ತರ್ಕಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ತೂತುಗಳು ಬಹಳ. ಒಂದೇ ಸಭೆಯಲ್ಲಿ ಮೂವತ್ತು ವರ್ಷ ಎರಡು ಬಗೆಯ ಪಾದ್ರಿಗಳು! ಟೀಕಾಕಾರರು ಇದನ್ನೇ ಹಿಡಿದು ಜಗ್ಗಿದರು. ಆದರೆ ನಮಗೆ ತೋರುವಂತೆ ಈ ಯೋಜನೆಯ ಬಲವಿದ್ದದ್ದು ಆ ತೂತುಗಳಲ್ಲಿಯೇ. ಯಾರನ್ನೂ ತಮ್ಮ ಹಿಂದಿನ ಬಾಳನ್ನು ಸುಳ್ಳೆಂದು ಒಪ್ಪಿಕೊಳ್ಳಿರೆಂದು ಅದು ಕೇಳಲಿಲ್ಲ. ವಾದದಿಂದ ಬಿಡದ ಗಂಟನ್ನು ಕಾಲದ ಕೈಗೆ ಕೊಟ್ಟಿತು. ಕೊಡುವಾಗ ಗಡುವನ್ನೂ ಬರೆದಿಟ್ಟಿತು. ಗಡುವಿಲ್ಲದೆ ಕಾಲಕ್ಕೆ ಬಿಟ್ಟಿದ್ದರೆ ಅದು ಬರಿಯ ಸೋಮಾರಿತನವಾಗುತ್ತಿದ್ದಿತು.

ಆದರೂ ಮಾತುಕತೆ ಹಲವು ಸಲ ಮುರಿಯುವ ಮಟ್ಟಕ್ಕೆ ಬಂದಿತು. ದೀಕ್ಷೆಯಿಲ್ಲದ ಗೃಹಸ್ಥನೂ ಅಗತ್ಯ ಬಿದ್ದಾಗ ಕರ್ತನ ಭೋಜನವನ್ನು ನಡೆಸಬಹುದಾಗಿರಬೇಕೆಂದು ಸಂಯುಕ್ತ ಸಭೆಯ ಕೆಲವರು ಪಟ್ಟು ಹಿಡಿದರು. ಆಂಗ್ಲಿಕನರಿಗೆ ಅದನ್ನು ಕೇಳುವುದೇ ಕಿವಿಗೆ ಕಾಯ್ದ ಸೀಸವಾಗಿತ್ತು. ಇಂಗ್ಲೆಂಡಿನಲ್ಲಿ ಪರಂಪರಾವಾದಿಗಳು ದೊಡ್ಡ ಗದ್ದಲವೆಬ್ಬಿಸಿದರು. ಕವಿ ಟಿ. ಎಸ್. ಎಲಿಯಟ್ 1943ರಲ್ಲಿ ಈ ಯೋಜನೆಯನ್ನು ಖಂಡಿಸಿಯೇ ಒಂದು ಚಿಕ್ಕ ಪುಸ್ತಕವನ್ನು ಬರೆದನು. ಐಕ್ಯದ ಹೆಸರಿನಲ್ಲಿ ಇದು ವಿನಾಶವೆಂಬುದು ಅದರ ವಾದ. ಕಾಲೇಜುಗಳಲ್ಲಿ ಆತನ ಕಾವ್ಯವನ್ನು ಓದಿದ ನಮ್ಮಂಥವರಿಗೆ, ಲಂಡನ್ನಿನ ಆ ಮಹಾಕವಿ ಮಹಾಯುದ್ಧದ ನಡುವೆ ತಿರುನೆಲ್ವೇಲಿಯ ಪಾದ್ರಿಗಳ ದೀಕ್ಷೆಯ ಬಗೆಗೆ ತಲೆ ಕೆಡಿಸಿಕೊಂಡಿದ್ದನೆಂಬುದು ಸ್ವಲ್ಪ ವಿಚಿತ್ರವಾಗಿ ಕಾಣುವುದು. ಆತನ ಭಯ ಸುಳ್ಳಾಗಿರಲಿಲ್ಲ. ತಾಯಿಸಭೆಯವರಿಗೆ ಇದೊಂದು ಸಿದ್ಧಾಂತದ ಪ್ರಶ್ನೆ, ಇಲ್ಲಿ ತಪ್ಪಿದರೆ ಎಲ್ಲೆಡೆಯೂ ತಪ್ಪಿದಂತೆ. ಅಜರಯ್ಯನವರಿಗೆ ಅದು ಊರಿನ ಪ್ರಶ್ನೆ. 1927ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನಿನಲ್ಲಿ ಅವರು ಇದನ್ನೇ ಹೇಳಿದ್ದರು: ಕ್ರೈಸ್ತ ದೇಶಗಳಲ್ಲಿ ಪಂಗಡಗಳು ಒಂದು ದೌರ್ಬಲ್ಯವಿರಬಹುದು, ನಮ್ಮ ದೇಶದಲ್ಲಿ ಅವು ಪಾಪ, ನಗೆಪಾಟಲು. ಇಂದು ದೀಕ್ಷಾಸ್ನಾನ ಪಡೆಯುವ ಬಡ ಮಾಲನೋ ಮಾದಿಗನೋ ಜಾತಿಯ ಒಡಕಿನಿಂದ ಹೊರಬರಲೆಂದು ಬಂದವನು. ಅವನ ಕೈಗೆ 1662ರ ಜಗಳವನ್ನು ಕೊಡುವುದೇ?

ಅಜರಯ್ಯನವರನ್ನು ನಾವು ಬರಿಯ ಸಾಧುವಾಗಿ ಚಿತ್ರಿಸಲಾರೆವು. ಅವರು ತಮ್ಮ ಧರ್ಮಪ್ರಾಂತವನ್ನು ಬಿಗಿಯಾಗಿಯೇ ಆಳಿದರು. ತೆಲುಗು ಸೀಮೆಯಲ್ಲಿ ಈ ತಮಿಳು ಬಿಷಪರ ಕೈ ಬಹಳ ಭಾರವೆಂದು ಗೊಣಗಿದವರು ಉಂಟು. ಮತಾಂತರದ ವಿಷಯದಲ್ಲಿ ಗಾಂಧಿಯವರಿಗೂ ಅವರಿಗೂ ಹೊಂದಲಿಲ್ಲ. ಆದರೆ ಐಕ್ಯದ ಸಮಿತಿಯಲ್ಲಿ ಈ ಬಿಗಿಯ ಮನುಷ್ಯ ಕಾಯುವುದನ್ನು ಕಲಿತರು. ತನ್ನ ಪ್ರಾಂತದಲ್ಲಿ ಒಂದು ಮಾತಿನಿಂದ ಆಗುತ್ತಿದ್ದ ಕೆಲಸ ಇಲ್ಲಿ ಹತ್ತು ವರ್ಷಕ್ಕೂ ಆಗದು, ಆದರೂ ಎದ್ದುಹೋಗಲಿಲ್ಲ. ಅವರು ದೋರ್ಣಕಲ್ಲಿನಲ್ಲಿ ಕಟ್ಟಿಸಿ 1939ರ ಜನವರಿ 6ರಂದು ಪ್ರತಿಷ್ಠೆ ಮಾಡಿಸಿದ ದೇವಾಲಯದಲ್ಲಿ ಹಿಂದೂ ಶಿಲ್ಪ, ಮುಸಲ್ಮಾನರ ಶಿಲ್ಪ, ಕ್ರೈಸ್ತ ಶಿಲ್ಪ ಮೂರೂ ಕೂಡಿವೆ. ಕಲ್ಲುಗಳನ್ನು ಕೂಡಿಸುವುದು ಸುಲಭವಾಯಿತು. 1945ರ ಜನವರಿ 1ರಂದು ಅವರು ದೋರ್ಣಕಲ್ಲಿನಲ್ಲಿಯೇ ತೀರಿಕೊಂಡರು. ಆಂಗ್ಲಿಕನ್ ಸಭೆಯ ಮಹಾಮಂಡಲಿ ಯೋಜನೆಗೆ ಒಪ್ಪಿಗೆ ಕೊಟ್ಟದ್ದು ಅದೇ ಜನವರಿಯಲ್ಲಿ. ಮೆಥೋಡಿಸ್ಟರು 1943ರಲ್ಲಿಯೇ ಒಪ್ಪಿದ್ದರು. ಸಂಯುಕ್ತ ಸಭೆಯ ಒಪ್ಪಿಗೆ 1946ರಲ್ಲಿ ಬಂದಿತು.

ಹೀಗೆ ಆ ಸೆಪ್ಟೆಂಬರಿನ ಶನಿವಾರ ಬಂದಿತು. ಅಂದು ಬಹು ವರ್ಷ ಸಮಿತಿಯಲ್ಲಿ ದುಡಿದಿದ್ದ ಮೆಥೋಡಿಸ್ಟ್ ಪಾದ್ರಿ ಜೆ. ಎಸ್. ಎಂ. ಹೂಪರ್ ಉಪದೇಶಮಾಡಿದರು. ಹಳೆಯ ಬಿಷಪರ ಜೊತೆಗೆ ಒಂಬತ್ತು ಜನ ಹೊಸ ಬಿಷಪರಿಗೆ ಪಟ್ಟವಾಯಿತು. ಅವರಲ್ಲಿ ಮಧುರೆಗೆ ನಿಯಮಿತರಾದ ಲೆಸ್ಲಿ ನ್ಯೂಬಿಗಿನ್ ಒಬ್ಬರು; ವಯಸ್ಸು ಮೂವತ್ತೇಳು, ಸ್ಕಾಟ್ಲೆಂಡಿನ ಪ್ರೆಸ್‌ಬಿಟೇರಿಯನ್ ಪಾದ್ರಿ. ಬಿಷಪರನ್ನು ಓಡಿಸಿದ ಸಭೆಯಿಂದ ಬಂದವರೇ ಬಿಷಪರಾದರು. ಮೈಸೂರು ಧರ್ಮಪ್ರಾಂತಕ್ಕೆ ಮೊದಲನೆಯ ಬಿಷಪರಾದವರು ಪಿ. ಗುರುಶಾಂತ ಅವರು; ಹೆಸರು ಕೇಳಿದರೇ ಕನ್ನಡದ ಮಣ್ಣಿನವರೆಂದು ತಿಳಿಯುವುದು. ಹೊಸ ಬಿಷಪರ ಬಿರುದಿನಲ್ಲಿ ಒಂದು ಸೂಕ್ಷ್ಮವನ್ನು ತಂದರು. ಹಿಂದೆ ಮದರಾಸಿನ ಬಿಷಪ್ ಎನ್ನುತ್ತಿದ್ದರು; ಇನ್ನು ಮೇಲೆ ಮದರಾಸಿನಲ್ಲಿ ಬಿಷಪ್ ಎಂದಾಯಿತು. ಷಷ್ಠೀ ವಿಭಕ್ತಿ ಹೋಗಿ ಸಪ್ತಮೀ ವಿಭಕ್ತಿ ಬಂದಿತು! ಬಿಷಪನು ಊರಿನ ಒಡೆಯನಲ್ಲ, ಊರಿನಲ್ಲಿರುವ ಸೇವಕನೆಂಬ ಭಾವ. ಮಕ್ಲೀನ್ ಪಕ್ಷದವರ ಇಪ್ಪತ್ತೇಳು ವರ್ಷಗಳ ವಾದಕ್ಕೆ ಸಂದ ಬಹುಮಾನ ಈ ಒಂದು ವಿಭಕ್ತಿಯೆಂದು ನಾವು ತಮಾಷೆಗಾಗಿ ಹೇಳಬಹುದು. ಆದರೆ ವ್ಯಾಕರಣ ಬಲ್ಲವರಿಗೆ ಅದು ಅಲ್ಪವೆಂದು ತೋರದು.

ಬೆಲೆಯ ಮಾತು ಇನ್ನು ಮುಂದೆ. 1948ರಲ್ಲಿ ಲ್ಯಾಂಬೆತಿನಲ್ಲಿ ಆಂಗ್ಲಿಕನ್ ಬಿಷಪರ ಸಮ್ಮೇಳನ ಮತ್ತೆ ಕೂಡಿದಾಗ, ಐಕ್ಯಕ್ಕೆ ಹೋದ ನಾಲ್ಕು ಧರ್ಮಪ್ರಾಂತಗಳು ಆಂಗ್ಲಿಕನ್ ಕುಟುಂಬದಿಂದ ಹೊರಗಾಗಿದ್ದುವು. ಐಕ್ಯಕ್ಕೆಂದು ಕರೆದವರೇ, ಐಕ್ಯವಾದವರನ್ನು ಹೊಸಿಲಿನ ಹೊರಗೆ ನಿಲ್ಲಿಸಿದಂತಾಯಿತು. ತಲತಲಾಂತರದಿಂದ ಆಂಗ್ಲಿಕನರಾಗಿದ್ದ ಮನೆತನಗಳಿಗೆ ಇದು ಸಾಮಾನ್ಯ ದುಃಖವಲ್ಲ. ಸುವಾರ್ತಾ ಪ್ರಸಾರ ಸಂಘವೆಂಬ ಇಂಗ್ಲೆಂಡಿನ ಪ್ರಾಚೀನ ಮಿಷನ್ ಸಂಘ, ಹೊಸ ಸಭೆಗೆ ಸೇರಿದ ಪಾದ್ರಿಗಳಿಗೆ ತನ್ನ ಸಾಮಾನ್ಯ ನಿಧಿಯಿಂದ ಕೊಡುತ್ತಿದ್ದ ಸಹಾಯವನ್ನು ನಿಲ್ಲಿಸಿತು. ಕರ್ನೂಲು ಜಿಲ್ಲೆಯ ನಂದ್ಯಾಲದ ಸುತ್ತ, ಆ ಸಂಘದ ಆಶ್ರಯದಲ್ಲಿಯೇ ಬೆಳೆದಿದ್ದ ಸಾವಿರಾರು ಆಂಗ್ಲಿಕನರು ನಾವು ಬರುವುದಿಲ್ಲವೆಂದು ಹಿಂದೆ ನಿಂತರು. ಅಜರಯ್ಯನವರು ಬಿಷಪರಾಗಿದ್ದ ದೋರ್ಣಕಲ್ ಪ್ರಾಂತಕ್ಕೆ ಸೇರಿದ ಜನವೇ ಅವರು. ಸಂಯುಕ್ತ ಸಭೆಯ ಉತ್ತರ ತಮಿಳು ಶಾಖೆಯೂ ಮೊದಲು ಹೊರಗುಳಿದು 1950ರಲ್ಲಿ ಬಂದು ಸೇರಿತು. ಅಮೆರಿಕಾದ ಮೆಥೋಡಿಸ್ಟರೂ ಲೂಥರನರೂ ಬ್ಯಾಪ್ಟಿಸ್ಟರೂ ಐಕ್ಯಕ್ಕೆ ಬರಲಿಲ್ಲ. ಕೋಲಾರದ ಮೆಥೋಡಿಸ್ಟನೂ ಮೈಸೂರಿನ ಮೆಥೋಡಿಸ್ಟನೂ ಹೆಸರಿನಲ್ಲಿ ಒಂದಾಗಿದ್ದು ಬೇರೆಬೇರೆ ಸಭೆಗಳಿಗೆ ಸೇರಿದರು.

ಕೂಡಿದವರ ಒಳಗೆ ಐಕ್ಯ ಹೇಗೆ ಬೇರುಬಿಟ್ಟಿತು? ಕಟ್ಟಳೆಗಳಿಂದ ಅಷ್ಟಾಗಿ ಅಲ್ಲ. 1948ರಲ್ಲಿ ಮಹಾಸಭೆ ಒಂದು ಪೂಜಾಕ್ರಮ ಸಮಿತಿಯನ್ನು ನೇಮಿಸಿತು. ಅದು ಸಿದ್ಧಪಡಿಸಿದ ಕರ್ತನ ಭೋಜನದ ಕ್ರಮ 1950ರ ಜನವರಿಯಲ್ಲಿ ಮಧುರೆಯ ಮಹಾಸಭೆಯಲ್ಲಿ ಮೊದಲ ಸಲ ಬಳಕೆಗೆ ಬಂದಿತು. ಹಳೆಯ ಮೂರು ಕ್ರಮಗಳಲ್ಲಿ ಯಾವುದನ್ನೂ ಬಿಡಿರೆಂದು ಯಾರಿಗೂ ಹೇಳಲಿಲ್ಲ, ನಾಲ್ಕನೆಯದನ್ನು ಪಕ್ಕದಲ್ಲಿಟ್ಟರು. ಅದರಲ್ಲಿ ಪಾದ್ರಿಯು ಜನರಿಗೆ ಬೆನ್ನು ತಿರುಗಿಸದೆ ಮೇಜಿನ ಹಿಂದೆ ನಿಂತು ಅವರಿಗೆ ಅಭಿಮುಖನಾಗುವನು. ಕೇರಳದ ಸುರಿಯಾನಿ ಕ್ರೈಸ್ತರಿಂದ ಶಾಂತಿಯ ಆಚಾರವೊಂದನ್ನು ತೆಗೆದುಕೊಂಡರು. ಕೊಡುವವನು ತನ್ನ ಬಲ ಅಂಗೈಯನ್ನು ಪಡೆಯುವವನ ಬಲ ಅಂಗೈಗೆ ಸೇರಿಸುವನು, ಒಬ್ಬರ ಎಡಗೈ ಇನ್ನೊಬ್ಬರ ಬಲಗೈಯನ್ನು ಮುಚ್ಚುವುದು. ಹೀಗೆ ಬಲಿಪೀಠದಿಂದ ಹೊರಟ ಶಾಂತಿ ಸಾಲಿನಿಂದ ಸಾಲಿಗೆ, ಕೈಯಿಂದ ಕೈಗೆ, ಬಾಗಿಲಿನವರೆಗೂ ಹೋಗುವುದು. ಬಿಷಪನ ಹಸ್ತದ ವಿಷಯವಾಗಿ ಮೂವತ್ತು ವರ್ಷ ವಾದಿಸಿದವರು ಕಡೆಗೆ ಪ್ರತಿಯೊಬ್ಬನ ಹಸ್ತಕ್ಕೂ ಒಂದು ಕೆಲಸ ಕೊಟ್ಟರು. ಇಂಗ್ಲೆಂಡು ಅಮೆರಿಕಾಗಳ ಪೂಜಾಕ್ರಮಗಳನ್ನು ತಿದ್ದಿದವರು ಅನಂತರ ಈ ಪುಸ್ತಕವನ್ನು ತರಿಸಿಕೊಂಡು ಓದಿದರೆಂಬುದು ನಮಗೆ ಸಂತೋಷದ ಸಂಗತಿ.

ಆದರೆ ಜಾತಿ? ಕಾಂಗ್ರಿಗೇಷನಲನೂ ಆಂಗ್ಲಿಕನನೂ ಒಂದೇ ಬಟ್ಟಲಿನಿಂದ ಕುಡಿದರೂ, ಒಂದೇ ಊರಿನ ಎರಡು ಕೇರಿಗಳ ಕ್ರೈಸ್ತರು ಒಂದೇ ಸ್ಮಶಾನದಲ್ಲಿ ಹೂಳಲೊಲ್ಲದ ಕಡೆಗಳು ದಕ್ಷಿಣ ದೇಶದಲ್ಲಿ ಉಳಿದುವು. ಅನ್ಯದೇಶದಿಂದ ಬಂದ ಒಡಕನ್ನು ಹೊಲಿಯುವುದಕ್ಕಿಂತ ನಮ್ಮದೇ ಒಡಕನ್ನು ಹೊಲಿಯುವುದು ಕಷ್ಟವಾಯಿತು. ತರಂಗಂಬಾಡಿಯ ಹೇಳಿಕೆ ಒಡಕುಗಳೆಲ್ಲ ಹೊರಗಿನವೆಂದು ಹೇಳಿದಾಗ ಅರ್ಧ ಸತ್ಯವನ್ನು ಮಾತ್ರ ಹೇಳಿತೆಂದು ನಮ್ಮ ಭಾವನೆ. ಮಿಷನ್ನುಗಳು ಬಿಟ್ಟುಹೋದ ಆಸ್ತಿಗಳ ಮೇಲೆ, ಬಿಷಪ್ ಚುನಾವಣೆಗಳ ಮೇಲೆ, ನ್ಯಾಯಸ್ಥಾನಗಳಲ್ಲಿ ನಡೆದ ವ್ಯಾಜ್ಯಗಳು ಇನ್ನೊಂದು ಅಧ್ಯಾಯ. ಅದನ್ನು ಇಲ್ಲಿ ಬಿಚ್ಚುವುದು ಬೇಡ.

1977ರಲ್ಲಿ ಮೂವತ್ತು ವರ್ಷದ ಗಡುವು ತೀರಿತು. ಅಷ್ಟು ಹೊತ್ತಿಗೆ ಸಭೆಯ ಪಾದ್ರಿಗಳಲ್ಲಿ ಬಹುಮಂದಿ ಐಕ್ಯದ ಅನಂತರ ದೀಕ್ಷೆ ಪಡೆದವರು. ಯಾವುದಕ್ಕಾಗಿ ಅಷ್ಟು ಶಾಯಿ ಸುರಿದಿತ್ತೋ ಆ ಪ್ರಶ್ನೆ ಸದ್ದಿಲ್ಲದೆ ಸವೆದುಹೋಗಿದ್ದಿತು. ಉತ್ತರದ ಸಭೆಗಳು 1970ರ ನವೆಂಬರ್ 29ರಂದು ನಾಗಪುರದಲ್ಲಿ ಒಂದಾದಾಗ ಬೇರೆ ದಾರಿಯನ್ನು ಹಿಡಿದುವು: ಮೊದಲ ದಿನವೇ ಎಲ್ಲ ಪಂಗಡದವರೂ ಒಬ್ಬರ ತಲೆಯ ಮೇಲೆ ಒಬ್ಬರು ಕೈಯಿಟ್ಟು ಮುಗಿಸಿದರು. ಅದು ಅಚ್ಚುಕಟ್ಟಾದ ದಾರಿ. ದಕ್ಷಿಣದವರ ಒರಟು ದಾರಿಯ ಮೇಲೆಯೇ ನಮಗೆ ಒಲವು. 1988ರ ಲ್ಯಾಂಬೆತ್ ಸಮ್ಮೇಳನಕ್ಕೆ ದಕ್ಷಿಣ ಇಂಡಿಯಾ ಸಭೆಯ ಬಿಷಪರು ಪೂರ್ಣ ಸದಸ್ಯರಾಗಿ ಹೋದರು. ನಲವತ್ತು ವರ್ಷಗಳ ಮೇಲೆ ಹೊಸಿಲು ದಾಟಿದಂತಾಯಿತು. ಬಾಸೆಲ್ ಮಿಷನ್ನಿನ ಕನ್ನಡ ಸಭೆಗಳೂ ಐಕ್ಯಕ್ಕೆ ಬಂದು, ಇಂದು ಬೆಂಗಳೂರು, ಮಂಗಳೂರು, ಧಾರವಾಡಗಳಲ್ಲಿ ಮೂವರು ಬಿಷಪರಿದ್ದಾರೆ. ಸೇಂಟ್ ಮಾರ್ಕ್ಸ್, ಹಡ್ಸನ್, ರೈಸ್ ದೇವಾಲಯಗಳು ಮೂರೂ ಈಗ ಒಬ್ಬರೇ ಬಿಷಪರ ಆಡಳಿತಕ್ಕೆ ಸೇರಿವೆ.

ಹೊರಗುಳಿದ ನಂದ್ಯಾಲ 1975ರಲ್ಲಿ ತಾನಾಗಿ ಬಂದು ಸೇರಿತು. ಯಾರೂ ಬಲಾತ್ಕರಿಸಲಿಲ್ಲ, ಇಪ್ಪತ್ತೆಂಟು ವರ್ಷ ಬಾಗಿಲು ತೆರೆದೇ ಇದ್ದಿತು. 2013ರಲ್ಲಿ ದಕ್ಷಿಣ ಇಂಡಿಯಾ ಸಭೆ ಮೊದಲ ಬಾರಿಗೆ ಒಬ್ಬ ಮಹಿಳೆಯನ್ನು ಬಿಷಪರನ್ನಾಗಿ ಮಾಡಿತು. ಇ. ಪುಷ್ಪ ಲಲಿತ ಎಂಬ ಆ ಮಹಿಳೆಗೆ ಪಟ್ಟವಾದದ್ದು ಬೇರೆಲ್ಲಿಗೂ ಅಲ್ಲ, ನಂದ್ಯಾಲಕ್ಕೆ.